ಹಳದಿಯಾಗಿದ್ದ ಬಲಗಡೆಯ ಹೆಡ್‌ಲೈಟು

ಕಾರು ಮಾರುವುದೆಂದು ತೀರ್ಮಾನಿಸಿದ ಮೇಲೆ ನನ್ನನ್ನು ಕಾಡಿದ್ದು ಅದರ ಬಲಗಡೆಯ ಹೆಡ್‌ಲೈಟು. ಹನ್ನೊಂದು ವರ್ಷದ ಬಿಸಿಲಿಗೆ ಅದರ ಮುಖ ಮಂಕಾಗಿ ಹಳದಿಗೆ ತಿರುಗಿತ್ತು. ಎರಡೂ ಹಾಗೇ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಹಿಂದಿನ ವರ್ಷ ಹೊಸದಾಗಿ ಹಾಕಿಸಿದ ಎಡಗಡೆಯದು ಥಳಥಳ ಹೊಳೆಯುತ್ತಿತ್ತು. ಒಂದು ಹಳತು, ಒಂದು ಹೊಸತು ಎಂದು ಕಂಡರೆ ಸಾಕು, ಆ ಕಡೆ ಎಲ್ಲೋ ಗುದ್ದಿದೆ ಎಂದು ತಿಳಿದವರಿಗೆ ಗೊತ್ತಾಗುತ್ತದೆ.

ಗುದ್ದಿದ್ದು ನಿಜ. ನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಾಲೂರಿನ ಮನೆಗೆ ಬಂದವನು, ಮಲಗದೆ, ಹೆಂಡತಿಯನ್ನು ಕೂರಿಸಿಕೊಂಡು ಬೈರಕೂರಿನ ಅವಳ ತವರಿಗೆ ಹೊರಟಿದ್ದೆ. ದೇವರಾಯಸಮುದ್ರದ ಹತ್ತಿರ ಕಾರಿನ ಎಡ ಮೂಲೆ ರಸ್ತೆ ಬದಿಯ ಹುಣಸೆಮರಕ್ಕೆ ಬಡಿಯಿತು. ಬೆಳಗಿನ ಹತ್ತು ಗಂಟೆ, ಒಳ್ಳೆಯ ಬಿಸಿಲು, ಖಾಲಿ ರಸ್ತೆ. ಅವಳ ಎಡ ಮಣಿಕಟ್ಟು ಮುರಿಯಿತು. ನಾಯಿ ಅಡ್ಡ ಬಂತೆಂದು ಆಸ್ಪತ್ರೆಯಲ್ಲಿ ಹೇಳಿದೆ, ಅತ್ತೆ ಮಾವನಿಗೆ ಹೇಳಿದೆ. ಆಗ ಮೊಬೈಲ್ ನೋಡುತ್ತಾ ಕೂತಿದ್ದ ಅವಳಿಗೂ ಅದನ್ನೇ ಹೇಳಿದೆ.

ಒಂದು ಭಾನುವಾರ ಶ್ರೀನಿವಾಸಪುರದ ಕಡೆಯವರು ಮಧ್ಯಾಹ್ನ ಹನ್ನೆರಡಕ್ಕೆ ಕಾರು ನೋಡಲು ಬರುವವರಿದ್ದರು. ಬೆಳಿಗ್ಗೆ ಏಳಕ್ಕೇ ಬಕೆಟ್ಟು ಹಿಡಿದು ಬಲಗಡೆಯ ದೀಪದ ಮುಂದೆ ಕೂತೆ. ಬಣ್ಣದ ಅಂಗಡಿಯಿಂದ ಉಜ್ಜುವ ವಾಟರ್ ಪೇಪರ್ ಮೂರು ಬಗೆಯದು ತಂದಿದ್ದೆ, ಒಂದಕ್ಕಿಂತ ಒಂದು ನಯ. ಉಜ್ಜಿದ ಮೇಲೆ ಲ್ಯಾಕರ್ ಎಂಬ ಪಾರದರ್ಶಕ ಲೇಪ ಹೊಡೆಯಲೇಬೇಕು, ಇಲ್ಲವಾದರೆ ಆರು ತಿಂಗಳಿಗೆ ಮತ್ತೆ ಹಳದಿಯಾಗುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ಆರು ತಿಂಗಳಿಗೆ ಕಾರು ನನ್ನದಾಗಿರುವುದಿಲ್ಲವಲ್ಲ ಎಂದುಕೊಂಡು ಲ್ಯಾಕರ್ ಕೊಂಡಿರಲಿಲ್ಲ.

ಬಾಡಿಯ ಬಣ್ಣಕ್ಕೆ ಗೀರು ಬೀಳದಿರಲೆಂದು ದೀಪದ ಸುತ್ತ ಟೇಪು ಅಂಟಿಸಿ, ಒರಟು ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜತೊಡಗಿದೆ. ಕೆಸರಿನಂಥ ಹಳದಿ ನೀರು ಬಂಪರಿನ ಮೇಲೆ ಇಳಿಯಿತು. ಹೆಂಡತಿ ಬಂದು ಮೇಲಿನಿಂದ ನೀರು ಸುರಿಯುತ್ತಾ ನಿಂತಳು. ಎಡಗೈಯಲ್ಲಿ ಚೊಂಬು ಎತ್ತಲು ಅವಳಿಗೆ ಇನ್ನೂ ಆಗುತ್ತಿರಲಿಲ್ಲ.

"ಅವ್ರಿಗೆ ಹೇಳ್ತೀರಾ?" ಎಂದಳು.

"ಏನನ್ನ?"

"ಗುದ್ದಿದ್ದನ್ನ."

"ಕೇಳಿದ್ರೆ ಹೇಳ್ತೀನಿ."

"ಕೇಳಬಾರ್ದು ಅಂತ ತಾನೇ ಉಜ್ತಾ ಇರೋದು?"

ನಾನು ಪೇಪರನ್ನು ಮತ್ತೆ ನೀರಿಗೆ ಅದ್ದಿದೆ. ಚೊಂಬನ್ನು ಬಕೆಟ್ಟಿನಲ್ಲಿ ಬಿಟ್ಟು ಅವಳು ಒಳಗೆ ಹೋದಳು.

ಒಂಬತ್ತರ ಹೊತ್ತಿಗೆ ದೀಪ ಹಾಲು ಬಳಿದಂತೆ ಬೆಳ್ಳಗಾಯಿತು. ಮೊದಲಿಗಿಂತ ಕೆಟ್ಟುಹೋಯಿತೆಂದುಕೊಂಡೆ. ಎರಡನೆಯ ಪೇಪರ್, ಮೂರನೆಯ ಪೇಪರ್ ಮುಗಿದರೂ ಮಬ್ಬು ಹೋಗಲಿಲ್ಲ. ಭುಜ ಸೋತಿತ್ತು. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಎಂಬ ಹೊಳಪಿನ ಪೇಸ್ಟನ್ನು ಹತ್ತಿ ಬಟ್ಟೆಗೆ ಹಚ್ಚಿ ಸುತ್ತಿಸಿ ಸುತ್ತಿಸಿ ತಿಕ್ಕಿದಾಗ ಒಂದು ಮೂಲೆಯಿಂದ ತಿಳಿಯಾಗುತ್ತಾ ಬಂದು ಒಳಗಿನ ಬಲ್ಬು ಕಂಡಿತು. ಹನ್ನೊಂದೂವರೆಗೆ ಎರಡು ದೀಪಗಳಲ್ಲಿ ಯಾವುದು ಹೊಸದೆಂದು ನನಗೇ ಹೇಳಲಾಗದಷ್ಟು ಚೆನ್ನಾಗಿತ್ತು. ಆದರೂ ಗೇಟಿನ ಸದ್ದಾದಾಗ ಅದನ್ನು ಇನ್ನೊಮ್ಮೆ ಒರೆಸಿದೆ.

ಬಂದವರು ಹಿಪ್ಪುನೇರಳೆ ಬೆಳೆಯುವ ಗಂಡ ಹೆಂಡತಿ. ಗಂಡನಿಗೆ ಕಾರು ಬರದು, ಓಡಿಸುವವಳು ಹೆಂಡತಿ. ತನ್ನ ಅತ್ತೆಯನ್ನು ವಾರಕ್ಕೆ ಮೂರು ದಿನ ಕೋಲಾರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು, ಆರು ಗಂಟೆಗೆ ಅಲ್ಲಿರಬೇಕು, ಬೆಳಕು ಹರಿಯುವ ಮೊದಲೇ ಹೊರಡಬೇಕು ಎಂದು ಆಕೆ ಹೇಳಿದಳು. ದೀಪ ಹಾಕಿ, ಮುಂದೆ ಬಂದು, ಎರಡರ ಎದುರೂ ಅಂಗೈ ಹಿಡಿದು ನೋಡಿದಳು.

"ಲೈಟ್ ಚೆನ್ನಾಗಿದೆ ಅಣ್ಣ. ನಮ್ಗೆ ಬೇಕಾಗಿರೋದೇ ಇದು."

ಬೇರೇನೂ ಕೇಳಲಿಲ್ಲ. ಓಡಿಸಿ ನೋಡುತ್ತೇನೆಂದು ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ಕೈ ಬೀಸಿ ಕಳಿಸಿದ್ದರೆ ಮುಗಿಯುತ್ತಿತ್ತು. ನಾನು ಕಿಟಕಿಯ ಮೇಲೆ ಕೈಯಿಟ್ಟು ಒಂದು ನಿಮಿಷ ನಿಲ್ಲಿಸಲು ಹೇಳಿದೆ. ಎಡಗಡೆ ಗುದ್ದಿತ್ತು, ಆ ದೀಪ ಬದಲಾಯಿಸಿದ್ದು, ಬಲಗಡೆಯದನ್ನು ಇವತ್ತು ಬೆಳಿಗ್ಗೆ ಉಜ್ಜಿದ್ದು, ಲ್ಯಾಕರ್ ಹೊಡೆಯದ್ದರಿಂದ ಮತ್ತೆ ಮಂಕಾಗುತ್ತದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಗಂಡ ನನ್ನನ್ನೇ ನೋಡಿದ. "ಹೇಳೋ ಹಂಗಿದ್ರೆ ಉಜ್ಜಿದ್ದ್ಯಾಕೆ ಸಾರ್?"

ಅವನು ಹೆಂಡತಿಗೆ ಮೆಲ್ಲಗೆ "ಒದ್ದು, ಪೋದಾಂ" ಎಂದ. ಬೇಡ, ಹೋಗೋಣ ಅಂದದ್ದು ನನಗೂ ಅರ್ಥವಾಯಿತು. ನಮ್ಮ ಕಡೆ ತೆಲುಗು ಬಾರದವರು ಯಾರು?

ಅವಳು ಇಳಿಯಲಿಲ್ಲ. "ಹೆಂಗೆ ಗುದ್ತು?" ಎಂದು ಕೇಳಿದಳು.

ನಾಯಿ ನಾಲಿಗೆಯ ತುದಿಗೆ ಬಂದಿತ್ತು. ನನ್ನ ಹೆಂಡತಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಿದ್ದೆ ಬಂತಮ್ಮ. ಪಾಳಿ ಮುಗಿಸಿ ಮಲಗದೆ ಗಾಡಿ ತೆಗೆದಿದ್ದೆ."

ಹೆಂಡತಿ ತಟ್ಟೆಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಶ್ರೀನಿವಾಸಪುರದವಳು ಕಾರಿನಿಂದಿಳಿದು, ಕಾಫಿ ಕುಡಿದು, ತಮ್ಮ ಮೆಕ್ಯಾನಿಕ್ಕಿಗೆ ತೋರಿಸಿ ಹೇಳುತ್ತೇನೆಂದಳು. ಗಂಡ ಲೋಟ ಮುಟ್ಟಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಡತಿ ಕೇಳಿದಳು.

"ನಾಯಿ ಇರ್ಲೇ ಇಲ್ವಾ?"

"ಇರ್ಲಿಲ್ಲ."

"ಕೈ ನೋವು ಬಂದಾಗ್ಲೆಲ್ಲ ಒಂದ್ ವರ್ಷ ಆ ನಾಯೀನ ಬೈದಿದ್ದೀನಿ ನಾನು."

ಆಮೇಲೆ ಮೂರು ದಿನ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಕರೆಯುತ್ತಿದ್ದಳು, ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಸುಳ್ಳು ಹೇಳಿ ಕಳೆದ ವರ್ಷಕ್ಕಿಂತ ಆ ಮೂರು ದಿನಗಳೇ ನನಗೆ ಉದ್ದವೆನಿಸಿದವು.

ಗುರುವಾರ ಮುಳಬಾಗಿಲಿನಿಂದ ಅವರ ಮೆಕ್ಯಾನಿಕ್ ಬಂದು ಕಾರಿನ ಅಡಿಗೆಲ್ಲ ತೂರಿ ನೋಡಿದ. ಅಡಿಭಾಗ ಸೊಟ್ಟಗಾಗಿಲ್ಲ, ತೊಗೊಳ್ಳಬಹುದು ಎಂದ. ಅಷ್ಟರಲ್ಲಿ ನಾನು ಲ್ಯಾಕರ್ ತಂದು ಹೊಡೆದಿದ್ದೆ. ಕಾರು ಶ್ರೀನಿವಾಸಪುರಕ್ಕೆ ಹೋಯಿತು.

ಅದರ ಮುಂದಿನ ವಾರ ಬಸ್ಸಿನಲ್ಲಿ ಬೈರಕೂರಿಗೆ ಹೋದೆವು. ಅಪ್ಪನಿಗೆ ನೀವೇ ಹೇಳಬೇಕೆಂದು ಹೆಂಡತಿ ಹೊರಡುವಾಗಲೇ ಹೇಳಿದ್ದಳು. ಮಾವ ತೋಟದಲ್ಲಿ ಟೊಮೆಟೊ ಕೀಳಿಸುತ್ತಿದ್ದರು. ಬದುವಿನ ಮೇಲೆ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಬೈಯುತ್ತಾರೆಂದು ಕಾದೆ. ಅವರು ಕೈಯಲ್ಲಿದ್ದ ಹಣ್ಣುಗಳನ್ನು ಕ್ರೇಟಿಗೆ ಹಾಕಿ, ಪಂಚೆಗೆ ಕೈ ಒರೆಸಿಕೊಂಡರು.

"ಮಲಗೆದ್ದು ಬರಬಾರ್ದಾಗಿತ್ತಾ? ಸಾಯಂಕಾಲ ಬಂದಿದ್ರೂ ಊಟ ಇರ್ತಿತ್ತಲ್ಲ" ಎಂದರು.