ದೊಡ್ಡಮ್ಮ ಓಡಿಸಿದ ಕಾಡುಕೋಣ

ಮೊನ್ನೆ ಹಾಸ್ಟೆಲಲ್ಲಿ ಒಬ್ಬ ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗ್ದ. ಆ ಸೊನೆ ವಾಸನೆ ಮೂಗಿಗೆ ಬಡೀತು ನೋಡಿ, ಪಿಯುಸಿ ಓದೋ ಆರಡಿ ಗಂಡು ನಾನು, ಸರಿ, ಐದೂವರೆ ಅಂತ ಇಟ್ಕೊಳ್ಳಿ, ಸೀದಾ ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಗೆ ಹೋಗಿ ಬಿದ್ದೆ. ಅಲ್ಲಿ ದೊಡ್ಡಮ್ಮನ ಬಾಡಿಗೆ ಮನೆ ಇತ್ತು. ಇದ್ದಿದ್ದೇ ಒಂದೂವರೆ ಕೋಣೆ. ಅರ್ಧದಲ್ಲಿ ನಾವಿಬ್ರು, ಉಳಿದದ್ರಲ್ಲಿ ಉಪ್ಪಿನಕಾಯಿ ಭರಣಿಗಳು ಆರಾಮಾಗಿ ವಾಸ ಮಾಡ್ತಿದ್ವು. ದೊಡ್ಡಮ್ಮ ಪೇಟೆ ಅಂಗಡಿಗಳಿಗೆ ಉಪ್ಪಿನಕಾಯಿ ಹಾಕಿ ಕೊಡ್ತಿದ್ಲು. ನನ್ನ ಯೂನಿಫಾರ್ಮು, ತಲೆದಿಂಬು, ಬೀಳೋ ಕನಸು, ಎಲ್ಲಕ್ಕೂ ಅದೇ ವಾಸನೆ. ಗಣಿತದ ಮೇಷ್ಟ್ರು ನನ್ನ ಹೋಂವರ್ಕ್ ತಿದ್ದುವಾಗ ಬಾಯಲ್ಲಿ ನೀರೂರಿ ಎರಡು ಮಾರ್ಕು ಜಾಸ್ತಿ ಹಾಕ್ತಿದ್ರು ಅಂತ ನನಗೀಗ್ಲೂ ನಂಬಿಕೆ. ನಿಮಗೂ ಅಂಥದ್ದೊಂದು ವಾಸನೆ ಇರತ್ತೆ. ಮನೆ ಹೋದ್ರೂ ಅದು ಹೋಗಲ್ಲ.

ಎಂಟನೇ ಕ್ಲಾಸಿಗೆ ನೆಮ್ಮಾರು ಅನ್ನೋ ಹಳ್ಳಿಯಿಂದ ಬಂದು ಸೇರಿದವ ನಾನು. ಶಾಲೆ ಅಂಗಳದ ನೇರಳೆ ಮರಕ್ಕೊಂದು ಕಟ್ಟೆ. ಮಧ್ಯಾಹ್ನ ಅಲ್ಲಿ ಬುತ್ತಿ ಬಿಚ್ಚೋರು ಪ್ರಜ್ವಲ್ ಮತ್ತವನ ಗ್ಯಾಂಗು, ಎಲ್ಲ ಪೇಟೆ ಹುಡುಗ್ರು. ಉಳಿದವರಿಗೆ ವರಾಂಡ. ವರಾಂಡದಲ್ಲಿ ಉಂಡವ ಇದ್ದೂ ಇಲ್ಲದ ಹಾಗೆ. ವಾಲಿಬಾಲಿಗೆ ಕರೆಯಲ್ಲ, ಬಸ್ಸಲ್ಲಿ ಸೀಟು ಹಿಡಿಯಲ್ಲ, ಕಡೆಗೆ ಒಂದು ಅಡ್ಡಹೆಸರೂ ಇಡಲ್ಲ. ಅಡ್ಡಹೆಸರಿಲ್ಲದೆ ಹೈಸ್ಕೂಲ್ ಮುಗಿಸಿದವನಿಗೆ ಯಾರು ಹೆಣ್ಣು ಕೊಡ್ತಾರೆ? ಕಟ್ಟೆ ಹತ್ತೇ ಹತ್ತಬೇಕು ಅಂತ ಹಟ ಹಿಡಿದೆ. ದಿನಾ ಹೋಗಿ ಎದುರು ನಿಲ್ತಿದ್ದೆ. "ಜಾಗ ಇಲ್ಲ ಮಾರಾಯ" ಅಂತಿದ್ದ ಪ್ರಜ್ವಲ್, ಎಮ್ಮೆ ಮಲಗೋವಷ್ಟು ಜಾಗಕ್ಕೆ ಕಾಲು ಚಾಚಿಕೊಂಡು. "ನಿಮ್ಮ ನೆಮ್ಮಾರಲ್ಲಿ ಕರೆಂಟ್ ಉಂಟಾ, ಮಿಂಚುಹುಳ ಹಿಡ್ಕೊಂಡು ಓದ್ತೀರಾ?" ನನ್ನ ಬಾಯಿ ಸುಮ್ನಿರತ್ತಾ? "ಕರೆಂಟ್ ಯಾಕೆ? ನಮ್ಮ ದೊಡ್ಡಮ್ಮ ಕತ್ತಲಲ್ಲೇ ದೋಸೆ ಸಟ್ಟುಗ ಹಿಡ್ದು ಕಾಡುಕೋಣ ಓಡಿಸಿದವ್ಳು" ಅಂದ್ಬಿಟ್ಟೆ. ಚಾಚಿದ ಕಾಲು ಚೂರು ಮಡಚಿಕೊಳ್ತು. ಮರುದಿನ ಕೋಣದ ಕೊಂಬು ಬೆಳೆಸಿದೆ. ಆಮೇಲೆ ಸಟ್ಟುಗ ಬಗ್ಗಿಸಿದೆ. ಕತೆ ಉದ್ದ ಆದಷ್ಟೂ ಕಾಲು ಗಿಡ್ಡ ಆಗ್ತಿತ್ತು. ಇನ್ನೊಂದು ವಾರ ಸಿಕ್ಕಿದ್ರೆ ಕಟ್ಟೆ ನನ್ನದೇ.

ಅಷ್ಟರಲ್ಲಿ ಒಂದಿನ ನಾನು ಬುತ್ತಿ ಮರೆತು ಬಂದೆ. ಮಧ್ಯಾಹ್ನ ನೋಡಿದ್ರೆ ದೊಡ್ಡಮ್ಮ, ಸೆರಗಲ್ಲಿ ಬೆವರು ಒರೆಸ್ಕೊಳ್ತಾ, ಬುತ್ತಿ ಹಿಡಿದು ಅಂಗಳ ದಾಟಿ ಬರ್ತಿದ್ದಾಳೆ. ಗಾಳಿ ಬೀಸಿದ್ರೆ ಕೊಡೆ ಜೊತೆ ಹಾರಿಹೋಗೋ ಜೀವ. ಹಲ್ಲಿ ಕಂಡ್ರೆ ಮಣೆ ಹತ್ತೋಳು. ಪ್ರಜ್ವಲ್ ಬಿಡ್ತಾನಾ? "ದೊಡ್ಡಮ್ಮ, ನೀವು ಸಟ್ಟುಗದಲ್ಲಿ ಕಾಡುಕೋಣ ಓಡಿಸಿದ್ದು ಹೌದಾ? ಇವ ರೈಲು ಬಿಡ್ತಾನೆ ಅಂತ ನಮಗೆ ಡೌಟು."

ದೊಡ್ಡಮ್ಮ ನನ್ನ ಮುಖ ನೋಡಿದ್ಲು. ಕಟ್ಟೆ ನೋಡಿದ್ಲು. ಅವರೆಲ್ಲ ಕೂತಿದ್ದು, ನಾನೊಬ್ಬನೇ ನಿಂತಿದ್ದು ನೋಡಿದ್ಲು.

"ಎಂತ ಮಾಣಿ, ಒಂದೇ ಅಂತ ಹೇಳಿದ್ಯಾ? ಎರಡಲ್ದಾ! ಹಿಂದೆ ಬಂದದ್ದೇ ದೊಡ್ಡದು."

ಅವಳು ಬುತ್ತಿ ಬಿಚ್ಚಿ ಒಬ್ಬೊಬ್ಬನ ಡಬ್ಬಿ ಮುಚ್ಚಳಕ್ಕೂ ಒಂದೊಂದು ಮಿಡಿ ಹಾಕಿದ್ಲು. "ಚೂರು ಜರುಗಿ ಮಕ್ಕಳೇ. ನಿಂತು ಉಂಡ್ರೆ ಮೈಗೆ ಹತ್ತಲ್ಲ." ಜರುಗಿದ್ರು. ಸಂಜೆಯೊಳಗೆ ನನಗೆ 'ಕೋಣ' ಅಂತ ಹೆಸರೂ ಬಿತ್ತು. ಮನೆಗೆ ಹೋದ್ರೆ ದೊಡ್ಡಮ್ಮ ಭರಣಿಗೆ ಬಟ್ಟೆ ಕಟ್ತಾ, ತಲೆ ಎತ್ತದೆ ಅಂದ್ಲು, "ಇನ್ನು ಮೇಲೆ ರೈಲು ಬಿಡೋದಿದ್ರೆ ಬೆಳಗ್ಗೇನೇ ಹೇಳಿ ಹೋಗು. ನಂಗೂ ತಯಾರಿ ಬೇಕಲ್ದಾ?"

ಹೋದ ಕಾರ್ತಿಕದಲ್ಲಿ ದೊಡ್ಡಮ್ಮ ತೀರಿಕೊಂಡ್ಲು. ಭರಣಿಗಳನ್ನ ನೆಂಟರು ಹಂಚಿಕೊಂಡ್ರು. ಆ ಮನೆ ಈಗ ಮೊಬೈಲ್ ಅಂಗಡಿ. ಬಾಗಿಲಲ್ಲಿ ನಿಂತು ಮೂಗು ಅರಳಿಸಿದೆ, ಬರೀ ಪ್ಲಾಸ್ಟಿಕ್ ವಾಸನೆ. ವೈಕುಂಠ ಸಮಾರಾಧನೆಗೆ ಗ್ಯಾಂಗು ಪೂರ್ತಿ ಬಂದಿತ್ತು. ಶೃಂಗೇರಿ ಕಡೆ ನೆಂಟರೊಬ್ರು, "ನಿಮಗೆ ಇವಳು ಹೇಗೆ ಪರಿಚಯ?" ಅಂತ ಕೇಳಿದ್ರು. ಪ್ರಜ್ವಲ್ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಅಲ್ಲಾಡ್ಲಿಲ್ಲ. "ಕಾಡುಕೋಣ ಓಡಿಸಿದವ್ರಲ್ವಾ. ಮೂರು."

ನೆಂಟರು ಗಾಬರಿಯಾಗಿ ನನ್ನ ಕಡೆ ತಿರುಗಿದ್ರು.

"ಕರು ಬಿಟ್ಟು ಮೂರು" ಅಂದೆ.

ಪ್ರಜ್ವಲ್ ಪಂಕ್ತಿಯಲ್ಲಿ ಚೂರು ಜರುಗಿ, "ಕೂತ್ಕೋ ಕೋಣ" ಅಂದ. ಕೂತೆ. ಎಲೆ ತುದಿಗೆ ಅವಳೇ ಹಾಕಿದ ಕೊನೇ ಭರಣಿಯ ಮಿಡಿ ಬಡಿಸ್ಕೊಂಡು ಹೋದ್ರು. ತೊಟ್ಟು ಹಿಡ್ಕೊಂಡು, ಕಚ್ಚದೆ, ಸುಮಾರು ಹೊತ್ತು ಹಾಗೇ ಕೂತಿದ್ದೆ.