ಒಂಬತ್ತನೇ ದಿನದ ಕಿವಿಗಳು

ಬೆಳಗಿನ ಐದೂವರೆ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಇಲಿಮಾವ ಒಂದು ಬಿಳಿ ಇಲಿಯನ್ನು ಅಂಗೈ ಮೇಲೆ ಕೂರಿಸಿಕೊಂಡು, ದೀಪಕ್ಕೆ ಹಿಡಿದು ಅದರ ಕಿವಿ ನೋಡುತ್ತಾರೆ. ಕಿವಿ ತೆಳ್ಳಗಿದೆ, ಬೆಳಕು ಹಾಯುತ್ತದೆ. "ಹೋಗಪ್ಪ, ನೀನು ಗಟ್ಟಿ," ಎಂದು ಹೊಸ ಹೊಟ್ಟು ಹಾಸಿದ ಪಂಜರಕ್ಕೆ ಬಿಡುತ್ತಾರೆ.

ದಿನಕ್ಕೆ ನೂರ ಎಂಬತ್ತು ಪಂಜರ, ಅಷ್ಟೇ ನೀರಿನ ಬಾಟಲಿ, ಇಪ್ಪತ್ತಾರು ವರ್ಷದಿಂದ. ಹೊಟ್ಟಿನ ದೂಳಿಗೆ ಮೂಗು ಸದಾ ಕಟ್ಟಿರುತ್ತದೆ, ಸೊಂಟ ಮಾತು ಕೇಳುವುದಿಲ್ಲ. ಇಲಿಮಾವ ಎಂದು ಹೆಸರಿಟ್ಟವರು ವಿದ್ಯಾರ್ಥಿಗಳು. ಹೆಂಡತಿಗೆ ಅದೇ ನಗು: "ಅಲ್ಲಿ ಸಾವಿರ ಇಲಿಗೆ ಮಾವ. ಅಡುಗೆಮನೇಲಿ ಒಂದು ಕಂಡ್ರೆ ಕುರ್ಚಿ ಹತ್ತಿ ನನ್ನ ಕರೀತಾರೆ."

"ಅದಕ್ಕೆ ನಂಬರ್ ಇಲ್ಲ ಕಣೇ," ಎನ್ನುತ್ತಾರೆ ಮಾವ.

ಕಳೆದ ಶುಕ್ರವಾರ ಮೇಲಿನ ಮಹಡಿಯ ಸಂಶೋಧಕಿ ಸಪ್ಪೆ ಮೋರೆ ಹಾಕಿಕೊಂಡು ಇಳಿದು ಬಂದಳು. ನಾಲ್ಕು ವರ್ಷದಿಂದ ಅವಳು ಒಂದು ಪ್ರೋಟೀನಿನ ಬೆನ್ನು ಬಿದ್ದಿದ್ದಾಳೆ. ರೋಗಾಣು ಹೊಕ್ಕಾಗ ಜೀವಕೋಶದೊಳಗೆ 'ಕಾದಾಡಿ' ಎಂಬ ಸಂದೇಶ ಹರಿದಾಡುತ್ತದೆ. ಕಾದಾಟ ಮುಗಿದ ಮೇಲೆ ಆ ಸಂದೇಶ ಒಯ್ಯುವ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತು ಅಂಟಬೇಕು. ಗುರುತು ಬಿದ್ದದ್ದನ್ನು ಕೋಶ ಚೂರು ಮಾಡಿ ಹಾಕುತ್ತದೆ, ಗಲಾಟೆ ತಣ್ಣಗಾಗುತ್ತದೆ. ಅಂಟಿಸುವ ಕೆಲಸ ತಾನು ಬೆನ್ನು ಬಿದ್ದಿರುವ ಪ್ರೋಟೀನಿನದು, ಅದೊಂದು ಲೈಗೇಸ್, ಅಂದರೆ ಗುರುತು ಅಂಟಿಸುವ ಪ್ರೋಟೀನ್, ಎಂಬುದು ಅವಳ ಊಹೆ. ಆದರೆ ಕಿವಿ ಊದಿಸುವ ರಾಸಾಯನಿಕ ಹಚ್ಚಿ ಎರಡು ದಿನ ಅಳೆದರೆ, ಆ ಪ್ರೋಟೀನ್ ಇರುವ ಇಲಿಗೂ ಇಲ್ಲದ ಇಲಿಗೂ ಬಾವು ಒಂದೇ.

"ಸೋಮವಾರ ಪಂಜರ ಖಾಲಿ ಮಾಡಿಬಿಡಿ ಮಾವ. ಗೈಡು ಬೇರೆ ವಿಷಯ ಹುಡುಕು ಅಂದ್ರು."

"ಮಾಡ್ತೀನಮ್ಮ. ಆದ್ರೆ ಹನ್ನೊಂದು ಇಲಿಗಳ ಕಿವಿ ಇನ್ನೂ ಇಳಿದಿಲ್ಲ. ಔಷಧಿ ಹಚ್ಚಿ ಇವತ್ತಿಗೆ ಒಂಬತ್ತು ದಿನ. ಕಾರ್ಡ್ ಮೇಲೆ ನಂಬರ್ ಬರೆದಿದ್ದೀನಿ ನೋಡು."

ಯಾವ ಸಂಖ್ಯೆಯ ಇಲಿ ಯಾವ ಬಗೆಯದು ಎಂಬುದು ಮಾವನಿಗೆ ತಿಳಿಸಿರುವುದಿಲ್ಲ. ಅವಳು ಮೇಲೆ ಓಡಿ ಪಟ್ಟಿ ತಂದು ತಾಳೆ ನೋಡಿದಳು. ಹನ್ನೊಂದರಲ್ಲಿ ಹತ್ತು ಲೈಗೇಸ್ ಇಲ್ಲದವೇ. ಬಾವು ಏರುವುದರಲ್ಲಿ ವ್ಯತ್ಯಾಸವಿರಲಿಲ್ಲ, ಇಳಿಯುವುದರಲ್ಲಿ ಇತ್ತು.

"ಹನ್ನೊಂದನೇದು?" ಮಾವನಿಗೆ ಅದೇ ಚಿಂತೆ.

"ಎಲ್ಲೋ ಕಚ್ಚಿಸಿಕೊಂಡಿದೆ ಮಾವ, ಹಲ್ಲಿನ ಗುರುತು ನೋಡಿ."

"ಹೌದೌದು. ಅದು ಮೊದಲಿಂದ್ಲೂ ಪುಂಡ."

ಸೋಮವಾರ ಬಂದು ಹೋಗಿದೆ. ಪಂಜರಗಳು ಇದ್ದಲ್ಲೇ ಇವೆ. ಕಿವಿಯ ದಪ್ಪ ಅಳೆಯುವ ಮಾಪಕ ಈಗ ಮಾವನ ಜೇಬಿನಲ್ಲಿದೆ. ಇನ್ನೇನಾದರೂ ಆಸೆ ಉಂಟೇ ಎಂದು ಯಾರಾದರೂ ಕೇಳಿದರೆ ಆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

"ನಂದೇನಪ್ಪ. ಹದಿನೈದನೇ ದಿನಾನೂ ಅಳೆಯೋಣ ಅಂದೆ. ಆಯ್ತು ಅಂದಿದ್ದಾಳೆ."