ಎಪ್ರಿಲ್‌ನಲ್ಲಿ ಉರಿದ ನಕ್ಷತ್ರ

ಮಂಗಳೂರಿನ ಕ್ರಿಸ್ಮಸ್ ಬಗ್ಗೆ ಎಲ್ಲರೂ ಹೇಳುವ ಕತೆ ಒಂದೇ: ಕ್ರೈಸ್ತರ ಮನೆಯಿಂದ ಕುಸ್ವಾರಿನ ತಟ್ಟೆ ಬರುತ್ತದೆ, ಅದರ ತಿಂಡಿಗಳನ್ನು ಊರೆಲ್ಲ ಹಂಚಿ ತಿನ್ನುತ್ತದೆ, ಸೌಹಾರ್ದ ಎಂದರೆ ಇದೇ. ಬಲ್ಮಠದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನೂ ಇದನ್ನೇ ಹೇಳಿ ಚಪ್ಪಾಳೆ ಪಡೆದಿದ್ದೇನೆ. ಆದರೆ ತಟ್ಟೆ ದಾಟಿದಲ್ಲೆಲ್ಲ ಮನುಷ್ಯರೂ ದಾಟುತ್ತಾರೆಯೇ? ಪಕ್ಕದ ಮನೆಯ ಆಂಟಿ ನಮಗೆಂದೇ ಮೊಟ್ಟೆ ಹಾಕದೆ ಬೇರೆ ಮಾಡಿ ಕೊಡುತ್ತಿದ್ದರು. ಆದರೂ ದೇವಸ್ಥಾನದ ಅರ್ಚಕರಾದ ನನ್ನ ಅಪ್ಪ ಅದನ್ನು ಒಮ್ಮೆಯೂ ಬಾಯಿಗೆ ಹಾಕಿದವರಲ್ಲ. ಖಾಲಿ ತಟ್ಟೆ ಹಿಂದೆ ಕೊಡಬಾರದೆಂದು ಬಾಳೆಹಣ್ಣು ಇಟ್ಟು ನನ್ನ ಕೈಯಲ್ಲಿ ಕಳುಹಿಸುತ್ತಿದ್ದರು, ಅಷ್ಟೆ. ಬಿಜೈಯಲ್ಲಿ ನಮ್ಮೆರಡು ಮನೆಗಳ ನಡುವೆ ಇರುವುದು ಒಂದು ಗಿಡ್ಡ ಗೋಡೆ. ಅಪ್ಪ ಅದರಾಚೆ ಹೋದದ್ದು ನನಗೆ ನೆನಪಿಲ್ಲ.

ಹಾಗೆ ಕಳೆದ ವರ್ಷ ಬಾಳೆಹಣ್ಣು ಕೊಡಲು ಹೋದವಳು ಆಂಟಿಯ ಗೋದಲಿಯ ಮುಂದೆ ಕೂತೆ. ಯೇಸು ಹುಟ್ಟಿದ ಹಟ್ಟಿಯನ್ನು ಅವರು ಪ್ರತಿವರ್ಷ ಮುಂದಿನ ಕೋಣೆಯಲ್ಲಿ ಕಟ್ಟುತ್ತಾರೆ. ತೆಂಗಿನ ಗೆರಟೆಗಳಲ್ಲಿ ಬಿತ್ತಿದ ರಾಗಿ ಮೊಳೆತು ಹುಲ್ಲಾಗಿತ್ತು. ಫ್ಯಾನಿನ ಗಾಳಿಗೆ ಆ ಪುಟ್ಟ ಹುಲ್ಲುಗಾವಲು ಅಲೆಯಲೆಯಾಗಿ ಬಾಗಿದಾಗ ಮಣ್ಣಿನ ಕುರಿಗಳು ನಡೆದಂತೆ ಕಂಡವು.

“ಆಂಟಿ, ಜನವರಿಯಲ್ಲಿ ಇದನ್ನೆಲ್ಲ ಬಿಚ್ಚಿದ ಮೇಲೆ ನಿಮ್ಮ ದೇವರಿಗೆ ಎಂತ ಕೆಲಸ?”

“ಜಾಗ ಕೇಳಿಕೊಂಡು ತಿರುಗುದು. ಹುಟ್ಟುವ ದಿನವೇ ಛತ್ರದಲ್ಲಿ ಸಿಗಲಿಲ್ಲ ಅಲ್ವಾ, ಹಾಗೆ ಹಟ್ಟಿಗೆ ಹೋದದ್ದು.”

“ಪ್ರಮಾಣ ಉಂಟಾ?”

“ನಿನಗೆ ಬಾಯಿ ಉಂಟು ಮಾರಾಯ್ತಿ, ಅದಕ್ಕೆ ಪ್ರಮಾಣ ಬೇಡ. ಆ ಕಲ್‌ಕಲ್ ತಿನ್ನು.”

ಜನವರಿಯಲ್ಲಿ ಗೋದಲಿ ಹೋಯಿತು. ಜಗಲಿಯ ಕಾಗದದ ನಕ್ಷತ್ರ ಮಾತ್ರ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತ ಅಲ್ಲೇ ಉಳಿಯಿತು. ಹಬ್ಬ ಮುಗಿಯಲಿಲ್ಲವಾ ಎಂದು ಕೆಣಕಿದರೆ, “ನೀನು ವಾದ ಮಾಡ್ತಿ, ಏಣಿ ಹತ್ತುದಿಲ್ಲ” ಎನ್ನುತ್ತಿದ್ದರು.

ಎಪ್ರಿಲ್‌ನ ಒಂದು ಮಧ್ಯಾಹ್ನ ನಮ್ಮ ಗೇಟಿನ ಹೊರಗೆ ಅಕ್ಕ ನಿಂತಿದ್ದಳು, ಏಳು ತಿಂಗಳ ಬಸುರಿ. ಮೀನುಗಾರರ ಮನೆಯ ಹುಡುಗನನ್ನು ಅವಳು ಮದುವೆಯಾದಂದಿನಿಂದ ಅಪ್ಪ ಅವಳ ಹೆಸರೆತ್ತುತ್ತಿರಲಿಲ್ಲ. ಗಂಡನ ಮನೆಯಲ್ಲೂ ಅದೇ ಸಿಟ್ಟು. ಕೊಟ್ಟಾರದ ಬಾಡಿಗೆ ಕೋಣೆಯನ್ನು ಮಾಲಕರು ಬಿಡಿಸಿದ್ದರು. ಭಾವ ಆಳಸಮುದ್ರದ ಬೋಟಿನಲ್ಲಿದ್ದ, ಫೋನ್ ತಾಗುತ್ತಿರಲಿಲ್ಲ. ಅಪ್ಪ ಅವಳನ್ನು ನೋಡಿದರು, ಒಳಗೆ ಹೋದರು, ಚಿಲಕ ಹಾಕಿದರು. ನಾನು ಹಿಂಬಾಗಿಲಿನಿಂದ ಓಡಿ ಬಂದು ಅವಳ ಚೀಲ ಹಿಡಿಯುವಷ್ಟರಲ್ಲಿ ಗೋಡೆಯಾಚೆಯಿಂದ ಆಂಟಿಯ ಸ್ವರ ಬಂತು.

“ಬಿಸಿಲಲ್ಲಿ ನಿಂತು ಎಂತ ಮಾಡ್ತಿ ಮಗಾ? ಇಲ್ಲಿ ಬಾ.”

ಗೋದಲಿ ಕಟ್ಟುವ ಕೋಣೆಯಲ್ಲೇ ಮಂಚ ಹಾಕಿದರು. ಸಂಜೆ ಅವರು ಜಗಲಿಯ ಸ್ವಿಚ್ ಒತ್ತಿದಾಗ ನಕ್ಷತ್ರ ಹೊತ್ತಿಕೊಂಡಿತು. ಸೆಖೆಯ ಗಾಳಿಯಲ್ಲಿ ಅದು ಮೆಲ್ಲಗೆ ತಿರುಗುತ್ತಿತ್ತು, ನಿದ್ದೆಹೋದ ಅಕ್ಕನ ಮುಖದ ಮೇಲೆ ಅದರ ಮಾಸಿದ ಕೆಂಪು ಕಿಟಕಿಯಿಂದ ಬಂದು ಹೋಗುತ್ತಿತ್ತು. ಡಿಸೆಂಬರ್ ಎಲ್ಲಿಂದಲೋ ದಾರಿ ತಪ್ಪಿ ಬಂದಂತಿತ್ತು.

ನಾನು ಸೋಲೊಪ್ಪಲಿಲ್ಲ. “ಇದು ನಿಮ್ಮ ಒಳ್ಳೆತನಕ್ಕೆ ಪ್ರಮಾಣ ಆಂಟಿ, ದೇವರಿಗಲ್ಲ.”

“ಎರಡನ್ನು ಬೇರೆ ಮಾಡಲಿಕ್ಕೆ ನನಗೆ ಗೊತ್ತಿಲ್ಲ. ನೀನು ಕಲಿತವಳು, ಮಾಡಿ ನೋಡು. ಅಷ್ಟರಲ್ಲಿ ಆ ಬಕೆಟ್ ತಾ.”

ಮಳೆಗಾಲದಲ್ಲಿ ಮಗು ಹುಟ್ಟಿತು. ಅಪ್ಪ ದೇವಸ್ಥಾನಕ್ಕೆ ಹೋಗುವಾಗ ಅಳು ಕೇಳಿದರೆ ಕೊಡೆಯನ್ನು ಆ ಬದಿಗೆ ವಾಲಿಸಿ ನಡೆಯುತ್ತಿದ್ದರು. ಮಗು ದೊಡ್ಡದಾಗುವವರೆಗೆ ಎಲ್ಲಿಗೂ ಹೋಗುವುದು ಬೇಡ ಎಂದರು ಆಂಟಿ. ಬೋಟಿನಿಂದ ಬಂದಾಗ ಭಾವನೂ ಅಲ್ಲೇ ಉಳಿಯುತ್ತಿದ್ದ.

ಈ ಡಿಸೆಂಬರಿನಲ್ಲಿ ಮುಂದಿನ ಕೋಣೆಯ ತುಂಬ ತೊಟ್ಟಿಲು, ಒಣಗಲು ಹಾಕಿದ ಬಟ್ಟೆ. ಜಾಗ ಸಾಲದೆ ಗೋದಲಿ ಹೊಲಿಗೆ ಮೆಶಿನಿನ ಮೇಲೆ ಏರಿದೆ. ದೇವರಿಗೇ ಜಾಗ ಇಲ್ಲವಲ್ಲ ಎಂದದ್ದಕ್ಕೆ, “ಅವನಿಗೆ ಅಭ್ಯಾಸ ಉಂಟು” ಎಂದು ಆಂಟಿ ನಕ್ಕರು.

ಇಂದು ಬೆಳಿಗ್ಗೆ ತಟ್ಟೆ ಬಂತು. ಮೇಲಿನ ಬಟ್ಟೆ ಸರಿಸಿದ ಅಪ್ಪ ಹಾಗೇ ನಿಂತರು. ಕಲ್‌ಕಲ್‌ಗಳು ಸೊಟ್ಟಗಿದ್ದವು. ಚಿಕ್ಕಂದಿನಲ್ಲಿ ಆಂಟಿಯ ಅಡುಗೆಮನೆಯಲ್ಲಿ ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಅವುಗಳನ್ನು ಹೀಗೆ ಸೊಟ್ಟಗೆ ಸುತ್ತುತ್ತಿದ್ದವಳು ಅಕ್ಕ; ತಟ್ಟೆ ನೋಡಿಯೇ ಅವಳದ್ದು ಯಾವುದೆಂದು ಅಪ್ಪ ಹೇಳುತ್ತಿದ್ದರು. ಒಂದನ್ನು ತೆಗೆದು ಬೆರಳಲ್ಲಿ ತಿರುಗಿಸಿದರು. ತಿನ್ನಲಿಲ್ಲ, ಕೆಳಗಿಡಲೂ ಇಲ್ಲ. ಗೋಡೆಯಾಚೆ ಮಗು ಏನನ್ನೋ ಬಡಿಯುತ್ತ ನಗುತ್ತಿತ್ತು.

ನಾನು ಬಾಳೆಹಣ್ಣು ತಂದು ಅವರ ಮುಂದಿಟ್ಟೆ.

“ಅಪ್ಪ, ಈ ಸಲ ತಟ್ಟೆ ಹಿಂದೆ ಕೊಡಲಿಕ್ಕೆ ನೀವೇ ಹೋಗ್ತೀರಾ?”